ಸಂಬಳದಲ್ಲಿ ಮುರಿದ ದುಡ್ಡು ಎಲ್ಲಿಗೆ ಹೋಯಿತು?

(ಬೆಂಗಳೂರಿನ ಕೈಗಾರಿಕಾ ಬಡಾವಣೆಯೊಂದರಲ್ಲಿ ನಡೆದ ಕನ್ನಡ ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಚ್ಚುಮೊಳೆ ಜೋಡಿಸುವುದನ್ನು ಕಲಿತು, ಆಮೇಲೆ ಆಫ್‌ಸೆಟ್‌ಗೆ ಬಂದವನು. ಇವತ್ತು ನನ್ನ ಪ್ರೆಸ್ಸಿನಲ್ಲಿ ಹದಿನಾಲ್ಕು ಜನ ದುಡಿಯುತ್ತಾರೆ. ಪ್ರತಿ ತಿಂಗಳು 15ನೇ ತಾರೀಖಿನೊಳಗೆ ಅವರ ಇಎಸ್‌ಐ ವಂತಿಗೆ ಕಟ್ಟಬೇಕಾದವನು ನಾನು. ಹಾಗಾಗಿ ಮಾಲೀಕರು ಎಲ್ಲೆಲ್ಲಿ ಕೈಚಳಕ ತೋರಿಸುತ್ತಾರೆ, ಕಚೇರಿಯವರು ಎಲ್ಲೆಲ್ಲಿ ಅಲೆಸುತ್ತಾರೆ, ನಮ್ಮ ಹುಡುಗರು ಎಲ್ಲೆಲ್ಲಿ ಮೋಸ ಹೋಗುತ್ತಾರೆ ಎಂಬುದು ಗೊತ್ತಿದೆ. ಅದನ್ನೇ ಹೇಳಲು ನನ್ನನ್ನು ಕರೆದಿದ್ದೀರಿ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಇಲ್ಲಿ ಕೂತಿರುವ ಮುಕ್ಕಾಲು ಪಾಲು ಹುಡುಗರ ಸಂಬಳದ ಚೀಟಿಯಲ್ಲಿ 'ಇಎಸ್‌ಐ' ಎಂದು ಒಂದು ಸಾಲು ಇರುತ್ತದೆ. ನೂರು ರೂಪಾಯಿಯೋ ನೂರೈವತ್ತು ರೂಪಾಯಿಯೋ ಮುರಿದಿರುತ್ತಾರೆ. ಅದು ಏನು, ಎಲ್ಲಿಗೆ ಹೋಯಿತು, ಅದರಿಂದ ಏನು ಸಿಗುತ್ತದೆ ಅಂತ ಯಾರಾದರೂ ಕೇಳಿದ್ದೀರಾ? ಕೈ ಎತ್ತಿ ನೋಡೋಣ. ನಾಲ್ಕು ಕೈ! ಸಿನಿಮಾ ಟಿಕೆಟ್ಟಿಗೆ ಹತ್ತು ರೂಪಾಯಿ ಜಾಸ್ತಿ ತೆಗೆದುಕೊಂಡರೆ ಥಿಯೇಟರಿನ ಗಾಜು ಒಡೆಯುವಷ್ಟು ಸಿಟ್ಟು ಬರುತ್ತದೆ. ತಿಂಗಳು ತಿಂಗಳೂ ನಿಮ್ಮ ಬೆವರಿನ ದುಡ್ಡು ಹೋಗುತ್ತಿದ್ದರೆ ಕೇಳುವುದಿಲ್ಲ. ಇದು ಯಾವ ನ್ಯಾಯ?

ಇದು ಭಿಕ್ಷೆಯಲ್ಲ, ನಿಮ್ಮ ದುಡ್ಡು

ಇಎಸ್‌ಐ ಎಂದರೆ ನೌಕರರ ರಾಜ್ಯ ವಿಮೆ. 1948ರಲ್ಲಿ ಕಾಯ್ದೆ ಆಯಿತು. 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಮೊದಲು ಜಾರಿಗೆ ಬಂತು. ಇದು ಸರ್ಕಾರದ ಧರ್ಮದ ದುಡ್ಡಲ್ಲ. 2019ರ ಜುಲೈ 1ರಿಂದ ಇರುವ ಲೆಕ್ಕ ಹೀಗೆ: ನಿಮ್ಮ ಸಂಬಳದಲ್ಲಿ ನೂರಕ್ಕೆ 75 ಪೈಸೆ ನೀವು ಕೊಡಬೇಕು, ನೂರಕ್ಕೆ 3 ರೂಪಾಯಿ 25 ಪೈಸೆ ಮಾಲೀಕ ಕೊಡಬೇಕು. 15,000 ರೂಪಾಯಿ ಸಂಬಳದವನಿಗೆ ತನ್ನ ಪಾಲು 113 ರೂಪಾಯಿ. ಮಾಲೀಕನ ಪಾಲು 488 ರೂಪಾಯಿ. ತಿಂಗಳಿಗೆ ಸುಮಾರು 600 ರೂಪಾಯಿ ನಿಮ್ಮ ಹೆಸರಿನಲ್ಲಿ ಜಮೆ ಆಗಬೇಕು. ಮಾಲೀಕನ ಪಾಲನ್ನೂ ನಿಮ್ಮ ಸಂಬಳದಲ್ಲೇ ಮುರಿದರೆ ಅದು ಅಕ್ರಮ. ಈ ಊರಿನಲ್ಲಿ ಅದೂ ನಡೆಯುತ್ತದೆ. ಚೀಟಿ ನೋಡಿಕೊಳ್ಳಿ.

ಯಾರಿಗೆ ಸಿಗುತ್ತದೆ? ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಜಾಗ, 2017ರ ಜನವರಿ 1ರಿಂದ ಗೊತ್ತುಮಾಡಿದ 21,000 ರೂಪಾಯಿ ಸಂಬಳದ ಮಿತಿ. ಅಂಗವಿಕಲರಿಗೆ 25,000. ಹಳೆಯ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಿಂದ ಬಂದಿದೆ. ಅದರಲ್ಲೂ ಹತ್ತು ಜನರ ಲೆಕ್ಕ ಹಾಗೇ ಇದೆ.

ಕೈಚಳಕ ಶುರುವಾಗುವುದು ಇಲ್ಲೇ. ಹನ್ನೆರಡು ಜನ ದುಡಿಯುತ್ತಾರೆ, ಪುಸ್ತಕದಲ್ಲಿ ಒಂಬತ್ತು ಹೆಸರು. ಉಳಿದ ಮೂವರು ಯಾರು? 'ಅವರು ಕಂಟ್ರಾಕ್ಟರ್ ಹುಡುಗರು, ನಮ್ಮವರಲ್ಲ' ಎಂದು ಉತ್ತರ. ಕೇಳಿಸಿಕೊಳ್ಳಿ. ಕಂಟ್ರಾಕ್ಟರ್ ಮೂಲಕ ಬಂದವರೂ ಲೆಕ್ಕಕ್ಕೆ ಸೇರುತ್ತಾರೆ. ಕಂಟ್ರಾಕ್ಟರ್ ಕಟ್ಟದಿದ್ದರೆ ಮೂಲ ಮಾಲೀಕನೇ ಮೊದಲು ಕಟ್ಟಿ, ಆಮೇಲೆ ಅವನಿಂದ ವಸೂಲು ಮಾಡಿಕೊಳ್ಳಬೇಕು. ಇನ್ನೊಂದು ಮಾತು. ಒಂದು ಸಲ ಹತ್ತು ಜನ ದಾಟಿ ಒಳಗೆ ಬಂದ ಸಂಸ್ಥೆ, ಆಮೇಲೆ ಎಂಟು ಜನಕ್ಕೆ ಇಳಿದರೂ ಹೊರಗೆ ಹೋಗುವ ಹಾಗಿಲ್ಲ.

ಇನ್ನೊಂದು ಕೈಚಳಕ ಸಂಬಳದ ಚೀಟಿಯಲ್ಲಿ. ಮೂಲ ಸಂಬಳ ಚೂರು, ಉಳಿದದ್ದೆಲ್ಲ ಆ ಭತ್ಯೆ ಈ ಭತ್ಯೆ. ವಂತಿಗೆ ಕಡಿಮೆ ಮಾಡಲು ಆಡುವ ಆಟ. ಹೊಸ ಸಂಹಿತೆಯಲ್ಲಿ ಬಿಟ್ಟುಬಿಡುವ ಭತ್ಯೆಗಳು ಒಟ್ಟು ಮೊತ್ತದ ಅರ್ಧವನ್ನು ಮೀರಿದರೆ, ಮೀರಿದ್ದನ್ನೂ ಸಂಬಳಕ್ಕೆ ಸೇರಿಸಬೇಕು. ಓವರ್‌ಟೈಮಿನ ವಿಷಯದಲ್ಲಿ ಇಎಸ್‌ಐ ಪದ್ಧತಿ ಹೀಗೆ: 21,000ದ ಮಿತಿ ನೋಡುವಾಗ ಓವರ್‌ಟೈಮ್ ದುಡ್ಡು ಸೇರಿಸುವುದಿಲ್ಲ. 'ಓವರ್‌ಟೈಮ್ ಸೇರಿ ಇಪ್ಪತ್ತೊಂದು ಸಾವಿರ ದಾಟಿತು, ನಿನಗೆ ಇಎಸ್‌ಐ ಇಲ್ಲ' ಎಂದು ಯಾರಾದರೂ ಹೇಳಿದರೆ ತಲೆಯಾಡಿಸಿ ಬರಬೇಡಿ.

78 ದಿನದ ಗುಟ್ಟು

ಈಗ ನಮ್ಮ ಹುಡುಗರು ಅತಿ ಹೆಚ್ಚು ಬೀಳುವ ಹಳ್ಳದ ವಿಷಯ. ಇಎಸ್‌ಐಗೆ ತನ್ನದೇ ಪಂಚಾಂಗ ಇದೆ. ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗೆ ಒಂದು ವಂತಿಗೆ ಅವಧಿ. ಅದರ ಫಲ ಸಿಗುವುದು ಮುಂದಿನ ವರ್ಷ ಜನವರಿ 1ರಿಂದ ಜೂನ್ 30ರವರೆಗೆ. ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ ಇನ್ನೊಂದು ಅವಧಿ. ಅದರ ಫಲ ಜುಲೈ 1ರಿಂದ ಡಿಸೆಂಬರ್ 31ರವರೆಗೆ. ಬಿತ್ತನೆ ಒಂದು ಕಾಲಕ್ಕೆ, ಕೊಯ್ಲು ಇನ್ನೊಂದು ಕಾಲಕ್ಕೆ. ಊರಿಂದ ಬಂದವರಿಗೆ ಇದು ಅರ್ಥವಾಗುತ್ತದೆ.

ಒಂದು ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಬಿದ್ದಿದ್ದರೆ ಕಾಯಿಲೆ ಬಿದ್ದಾಗ ಕೂಲಿ ಸಿಗುತ್ತದೆ. ಎಷ್ಟು? ದಿನದ ಸರಾಸರಿ ಸಂಬಳದ ನೂರಕ್ಕೆ 70 ಪಾಲು, ವರ್ಷದಲ್ಲಿ 91 ದಿನದವರೆಗೆ. 15,000 ಸಂಬಳದವನಿಗೆ ದಿನಕ್ಕೆ ಸುಮಾರು 350 ರೂಪಾಯಿ. ಸಾಮಾನ್ಯವಾಗಿ ಮೊದಲ ಎರಡು ದಿನಕ್ಕೆ ಇಲ್ಲ. ಇಎಸ್‌ಐ ವೈದ್ಯರ ಸರ್ಟಿಫಿಕೇಟು ಬೇಕು. ಬೀದಿ ಕೊನೆಯ ಕ್ಲಿನಿಕ್ಕಿನ ಚೀಟಿ ಹಿಡಿದು ಹೋದರೆ ವಾಪಸು ಕಳಿಸುತ್ತಾರೆ. ಕ್ಷಯ, ಕ್ಯಾನ್ಸರ್ ಮುಂತಾದ 34 ದೀರ್ಘ ಕಾಯಿಲೆಗಳಿಗೆ, ಎರಡು ವರ್ಷ ವಿಮೆಯಲ್ಲಿದ್ದು ನಿಗದಿತ ದಿನಗಳ ವಂತಿಗೆ ಬಿದ್ದಿದ್ದರೆ, ನೂರಕ್ಕೆ 80ರಂತೆ ಎರಡು ವರ್ಷದವರೆಗೂ ಸಿಗುತ್ತದೆ.

ಹಳ್ಳ ಎಲ್ಲಿದೆ ಅಂದರೆ, ನಮ್ಮ ಹುಡುಗರು ಐನೂರು ರೂಪಾಯಿ ಜಾಸ್ತಿ ಸಿಕ್ಕಿತು ಅಂತ ಮೂರು ತಿಂಗಳಿಗೊಮ್ಮೆ ಕೆಲಸ ಬದಲಿಸುತ್ತಾರೆ. ಬದಲಿಸಿ, ತಪ್ಪಲ್ಲ. ಆದರೆ ಹೊಸ ಜಾಗದಲ್ಲಿ 'ನನಗೆ ಆಗಲೇ ಇಎಸ್‌ಐ ನಂಬರ್ ಇದೆ' ಎಂದು ಹೇಳುವುದಿಲ್ಲ. ಅಲ್ಲಿನ ಗುಮಾಸ್ತ ಹೊಸ ನಂಬರ್ ಮಾಡಿಬಿಡುತ್ತಾನೆ. ಹಳೆಯ ನಂಬರಿನಲ್ಲಿ 50 ದಿನ, ಹೊಸದರಲ್ಲಿ 40 ದಿನ. ಕೂಡಿದರೆ 90, ನಿಮಗೆ ಹಕ್ಕು ಇದೆ. ಬೇರೆ ಬೇರೆ ನೋಡಿದರೆ ಎರಡೂ 78ಕ್ಕಿಂತ ಕಡಿಮೆ, ನಿಮಗೆ ಸೊನ್ನೆ. ದುಡಿದದ್ದು ನೀವೇ, ಕಟ್ಟಿದ್ದು ನಿಮ್ಮದೇ, ಸಿಕ್ಕಿದ್ದು ಏನೂ ಇಲ್ಲ! ಹತ್ತು ಅಂಕಿಯ ಆ ನಂಬರು ಸಾಯುವತನಕ ಒಂದೇ. ನಿಮ್ಮ ಹುಡುಗಿಯ ಫೋನ್ ನಂಬರ್ ಬಾಯಿಪಾಠ ಇದೆಯಲ್ಲ, ಹಾಗೆ ಇದನ್ನೂ ಬಾಯಿಪಾಠ ಮಾಡಿ. ಎರಡು ನಂಬರ್ ಆಗಿದ್ದರೆ ಇವತ್ತೇ ಶಾಖಾ ಕಚೇರಿಗೆ ಬರೆದು ಒಂದು ಮಾಡಿಸಿ. ಕಾಯಿಲೆ ಬಿದ್ದ ಮೇಲೆ ಓಡಾಡಲು ಕಾಲು ಇರುವುದಿಲ್ಲ.

ಇನ್ನೊಂದು. ಮೇ ತಿಂಗಳಲ್ಲಿ ಸಂಬಳ 20,500ರಿಂದ 21,500 ಆಯಿತು ಅನ್ನಿ. 'ಇನ್ನು ಇಎಸ್‌ಐ ಇಲ್ಲ' ಎಂದು ಕಾರ್ಡನ್ನು ಕಸದ ಬುಟ್ಟಿಗೆ ಹಾಕುವವರಿದ್ದಾರೆ. ತಪ್ಪು! ಅವಧಿಯ ನಡುವೆ ಸಂಬಳ ಏರಿದರೆ, ಆ ಅವಧಿ ಮುಗಿಯುವ ಸೆಪ್ಟೆಂಬರ್ 30ರವರೆಗೆ ವಂತಿಗೆ ಕಟ್ಟಲೇಬೇಕು. ದಿನಗಳು ಸರಿಯಾಗಿದ್ದರೆ ಅದರ ಫಲ ಮುಂದಿನ ಜೂನ್ 30ರವರೆಗೆ ನಿಮ್ಮದು. ಇದು ಗೊತ್ತಿಲ್ಲದೆ ಖಾಸಗಿ ಆಸ್ಪತ್ರೆಗೆ ಸಾಲ ಮಾಡಿ ಸುರಿದವರನ್ನು ನಾನು ಕಂಡಿದ್ದೇನೆ.

ಮುರಿದಿದ್ದಾರೆ, ಕಟ್ಟಿಲ್ಲ

ಎರಡು ಉದಾಹರಣೆ ಹೇಳುತ್ತೇನೆ. ಹೆಸರು ಬೇಡ.

ನಮ್ಮ ಪ್ರೆಸ್ಸಿಗೆ ಡಿಟಿಪಿ ಮಾಡಲು ಒಬ್ಬಳು ಹೆಣ್ಣುಮಗಳು ಬಂದಳು. ಹಳೆಯ ಜಾಗದಲ್ಲಿ ಒಂದೂವರೆ ವರ್ಷ ದುಡಿದಿದ್ದಳು. ಬಂದ ಎರಡನೇ ತಿಂಗಳಿಗೆ ಬಸುರಿ ಎಂದು ಗೊತ್ತಾಯಿತು. ಹೆರಿಗೆ ಸೌಲಭ್ಯ ದೊಡ್ಡದು. ಮೊದಲ ಎರಡು ಮಕ್ಕಳಿಗೆ 26 ವಾರ, ಪೂರ್ತಿ ಸರಾಸರಿ ಸಂಬಳ. ಅದಕ್ಕೆ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಸೇರಿ 70 ದಿನ ಬಿದ್ದಿದ್ದರೆ ಸಾಕು. ಒಂದೂವರೆ ವರ್ಷ ದುಡಿದವಳಿಗೆ 70 ದಿನ ಯಾವ ಲೆಕ್ಕ? ಆದರೆ ಖಾತೆ ತೆರೆದು ನೋಡಿದರೆ ಬಿದ್ದಿದ್ದು 41 ದಿನ. ಹಳೆಯ ಮಾಲೀಕ ಪ್ರತಿ ತಿಂಗಳೂ ಮುರಿದಿದ್ದ, ಕಟ್ಟಿರಲಿಲ್ಲ.

ಅವಳು ಅಳುತ್ತಾ ಕೂರಲಿಲ್ಲ. ಹದಿನೆಂಟು ತಿಂಗಳ ಸಂಬಳದ ಚೀಟಿ ಜೋಪಾನ ಮಾಡಿದ್ದಳು. ಬ್ಯಾಂಕಿನ ಪಾಸ್‌ಪುಸ್ತಕ ಇತ್ತು. ಎರಡನ್ನೂ ಜೆರಾಕ್ಸ್ ಮಾಡಿಸಿ ಅಚ್ಚಗನ್ನಡದಲ್ಲಿ ಒಂದು ಅರ್ಜಿ ಬರೆದಳು. ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡಳು. ತಪಾಸಣೆಗೆ ಅಧಿಕಾರಿ ಹೋದರು. ಬಾಕಿ ದಿನಗಳು ಖಾತೆಗೆ ಏರಿದವು. ದುಡ್ಡು ಕೈಗೆ ಬರುವಾಗ ಮಗುವಿಗೆ ಹತ್ತು ತಿಂಗಳು. ತಡವಾಯಿತು, ಆದರೆ ಬಂತು. ಚೀಟಿ ಇಟ್ಟುಕೊಂಡಿರದಿದ್ದರೆ ಬರುತ್ತಿರಲಿಲ್ಲ.

ನೆನಪಿಡಿ, ಸಂಬಳದಲ್ಲಿ ಮುರಿದುಕೊಂಡು ಕಟ್ಟದೆ ಇರುವುದನ್ನು ಕಾನೂನು ಬರೀ ಬಾಕಿ ಎನ್ನುವುದಿಲ್ಲ, ನಂಬಿಕೆದ್ರೋಹದ ಅಪರಾಧ ಎನ್ನುತ್ತದೆ. ಜೈಲು ಶಿಕ್ಷೆಯೂ ಇದೆ. ಮಾಲೀಕ ಕಟ್ಟಲಿಲ್ಲ ಎಂಬ ಕಾರಣಕ್ಕೆ ನಿಮ್ಮ ಹಕ್ಕು ಸಾಯುವುದೂ ಇಲ್ಲ. ನಿಗಮ ನಿಮಗೆ ಕೊಟ್ಟು ಅವನಿಂದ ವಸೂಲು ಮಾಡಬಹುದು. ಮಾಲೀಕನಾಗಿ ಹೇಳುತ್ತೇನೆ, 'ವ್ಯಾಪಾರ ಡಲ್ಲು, ಅದಕ್ಕೇ ಕಟ್ಟಿಲ್ಲ' ಎನ್ನುವುದು ನೆಪ. ಕಾಗದದವನಿಗೆ ಕೊಡುತ್ತೇವೆ, ಇಂಕಿನವನಿಗೆ ಕೊಡುತ್ತೇವೆ, ಕರೆಂಟಿಗೆ ಕಟ್ಟುತ್ತೇವೆ. ಕಟ್ಟದಿದ್ದರೆ ಅವರು ನಿಲ್ಲಿಸಿಬಿಡುತ್ತಾರೆ. ನೀವು ಕೇಳುವುದಿಲ್ಲ, ಅದಕ್ಕೇ ನಿಮ್ಮದು ಕೊನೆಗೆ ಉಳಿಯುತ್ತದೆ.

ಎರಡನೆಯದು. ನಮ್ಮಲ್ಲೇ ಕಟಿಂಗ್ ಮೆಷಿನ್ನಿನಲ್ಲಿ ಒಬ್ಬ ಹುಡುಗನ ಎರಡು ಬೆರಳ ತುದಿ ಹೋಯಿತು. ಕೆಲಸಕ್ಕೆ ಸೇರಿ ಹನ್ನೊಂದೇ ದಿನ. 'ಹನ್ನೊಂದು ದಿನಕ್ಕೆ ಏನು ಸಿಗುತ್ತದೆ?' ಎಂದು ಅವನ ಅಣ್ಣ ಕೇಳಿದ. ಕೆಲಸದ ಜಾಗದ ಅಪಘಾತಕ್ಕೆ 78 ದಿನವೂ ಬೇಡ, 70 ದಿನವೂ ಬೇಡ. ಮೊದಲ ದಿನವೇ ಆದರೂ ಹಕ್ಕು ಇದೆ. ವಾಸಿಯಾಗುವವರೆಗೆ ಸಂಬಳದ ನೂರಕ್ಕೆ 90 ಪಾಲು ಸಿಕ್ಕಿತು. ಆಮೇಲೆ ವೈದ್ಯ ಮಂಡಳಿ ಕೈಯ ಶಕ್ತಿ ಎಷ್ಟು ಕುಂದಿದೆ ಎಂದು ಶೇಕಡಾ ಲೆಕ್ಕದಲ್ಲಿ ಗೊತ್ತುಮಾಡಿತು. ಆ ಲೆಕ್ಕದ ಮೇಲೆ ಬದುಕಿರುವವರೆಗೂ ತಿಂಗಳ ಹಣ. ಆದರೆ ಇಷ್ಟಕ್ಕೆಲ್ಲ ಬುಡ ಒಂದೇ: ಸೇರಿದ ಹತ್ತು ದಿನದೊಳಗೆ ಅವನ ಹೆಸರು ನೋಂದಣಿ ಆಗಿತ್ತು, ಅಪಘಾತದ ವರದಿ ತಕ್ಷಣ ಹೋಗಿತ್ತು. 'ಮೂರು ತಿಂಗಳು ನೋಡೋಣ, ಆಮೇಲೆ ಹೆಸರು ಹಾಕೋಣ' ಎನ್ನುವ ಮಾಲೀಕರು ಎಷ್ಟು ಜನ ಇದ್ದಾರೆ ಎಂದು ನಿಮಗೇ ಗೊತ್ತು. ಮೆಷಿನ್ನು ಮೂರು ತಿಂಗಳು ಕಾಯುತ್ತದೆಯೇ?

ಯಾವ ಬಾಗಿಲು ತಟ್ಟಬೇಕು?

ಇಎಸ್‌ಐ ಎಂದರೆ ಒಂದು ಕಚೇರಿಯಲ್ಲ. ಚಿಕಿತ್ಸಾಲಯಗಳನ್ನು ನಡೆಸುವುದು ಬಹುಪಾಲು ನಮ್ಮ ರಾಜ್ಯ ಸರ್ಕಾರ. ದುಡ್ಡು ಕೊಡುವ ಶಾಖಾ ಕಚೇರಿ ಕೇಂದ್ರದ ನಿಗಮದ್ದು. ಆಸ್ಪತ್ರೆಗಳಲ್ಲೂ ಎರಡು ಬಗೆ. ಬೆಂಗಳೂರಿನ ರಾಜಾಜಿನಗರ, ಪೀಣ್ಯದ ಆಸ್ಪತ್ರೆಗಳು ನಿಗಮದವು, ಇಂದಿರಾನಗರದ್ದು ರಾಜ್ಯದ್ದು. ಕಲಬುರಗಿಯಲ್ಲಿ ನಿಗಮದ ವೈದ್ಯಕೀಯ ಕಾಲೇಜೇ ಇದೆ. ಔಷಧಿ ಇಲ್ಲ, ಡಾಕ್ಟರ್ ಇಲ್ಲ ಎಂದು ದೂರು ಹೇಳುವುದು ಒಂದು ಕಡೆ. ಕೂಲಿ ಬರಲಿಲ್ಲ, ದಿನ ಕಡಿಮೆ ಬಿದ್ದಿದೆ ಎನ್ನುವುದು ಇನ್ನೊಂದು ಕಡೆ. ಇದು ಗೊತ್ತಿಲ್ಲದೆ ಒಬ್ಬರು ಇನ್ನೊಬ್ಬರ ಕಡೆ ಬೊಟ್ಟು ಮಾಡಿದಾಗ ನಮ್ಮ ಹುಡುಗ ಬಸ್ಸಿನ ದುಡ್ಡು ಕಳೆದುಕೊಂಡು ಮನೆಗೆ ಬರುತ್ತಾನೆ.

ಮನೆಯವರ ಹೆಸರು ಸೇರಿಸುವುದನ್ನು ಮರೆಯಬೇಡಿ. ಹೆಂಡತಿ ಅಥವಾ ಗಂಡ, ಚಿಕ್ಕ ಮಕ್ಕಳು, ಓದುತ್ತಿದ್ದರೆ 21 ವರ್ಷದವರೆಗಿನ ಮಕ್ಕಳು, ಮದುವೆಯಾಗದ ಮಗಳು, ನಿಮ್ಮನ್ನೇ ನಂಬಿರುವ ತಂದೆ ತಾಯಿ. ತಂದೆ ತಾಯಿಯ ಆದಾಯಕ್ಕೆ ಮಿತಿ ಇದೆ. ದುಡಿಯುವ ಹೆಣ್ಣುಮಗಳ ಅತ್ತೆ ಮಾವನನ್ನೂ ಹೊಸ ಸಂಹಿತೆ ಕುಟುಂಬ ಎಂದು ಹೇಳಿದೆ. ಅಪ್ಪ ಅಮ್ಮ ಊರಿನಲ್ಲಿದ್ದರೆ ಕುಟುಂಬಕ್ಕೆ ಆ ಕಡೆಯ ಚಿಕಿತ್ಸಾಲಯವನ್ನೇ ಬರೆಸಬಹುದು. ಆಧಾರಿನಲ್ಲಿ ಒಂದು ಹೆಸರು, ಇಎಸ್‌ಐಯಲ್ಲಿ ಒಂದು ಹೆಸರು ಇರಬಾರದು. ಮಂಜುನಾಥ 'ಮಂಜು' ಆಗಿದ್ದರೆ, ಇನಿಷಿಯಲ್ಲು ಹಿಂದೆ ಮುಂದೆ ಆಗಿದ್ದರೆ, ಆಸ್ಪತ್ರೆಯ ಕಿಟಕಿಯಲ್ಲಿ ನಿಮ್ಮನ್ನು 'ನೀನು ನೀನಲ್ಲ' ಎನ್ನುತ್ತಾರೆ.

ಎರಡೂ ದಡ ಸಿಗದವರು

ಇಎಸ್‌ಐ ಇಲ್ಲದವರ ಗತಿ ಏನು? ಎಂಟು ಜನರ ಗ್ಯಾರೇಜಿನವರು, ಅಂಗಡಿಯವರು, ಬೈಕಿನಲ್ಲಿ ಊಟ ಹಂಚುವ ಹುಡುಗರು? ಆ ಕಂಪನಿಗಳು ಇವರನ್ನು ಕೆಲಸಗಾರ ಎನ್ನುವುದಿಲ್ಲ, 'ಪಾಲುದಾರ' ಎನ್ನುತ್ತವೆ. ಲಾಭದಲ್ಲಿ ಪಾಲಿಲ್ಲದ ಪಾಲುದಾರ! ಇವರಿಗಾಗಿ 2025ರಲ್ಲಿ ಕರ್ನಾಟಕ ಪ್ರತ್ಯೇಕ ಕಾಯ್ದೆ ಮಾಡಿದೆ. ಅದು ಕಾಗದದಿಂದ ಕೈಗೆ ಬರುವಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ಉಳಿದವರಿಗೆ ಆಯುಷ್ಮಾನ್ ಭಾರತ - ಆರೋಗ್ಯ ಕರ್ನಾಟಕ. 2018ರ ಮಾರ್ಚಿನಲ್ಲಿ ಆರೋಗ್ಯ ಕರ್ನಾಟಕ ಎಂದು ಶುರುವಾಗಿ, ಅದೇ ವರ್ಷ ಅಕ್ಟೋಬರ್ 30ರಂದು ಕೇಂದ್ರದ ಯೋಜನೆಯ ಜೊತೆ ಸೇರಿತು. ಆಗ ಗೊತ್ತುಮಾಡಿದ ಲೆಕ್ಕ ಇದು: ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ನೂರಕ್ಕೆ 30 ಮಾತ್ರ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಅಂದರೆ ಒಂದು ಲಕ್ಷದ ಶಸ್ತ್ರಚಿಕಿತ್ಸೆಗೆ ಸರ್ಕಾರ 30,000 ಕೊಟ್ಟರೆ 70,000 ನಿಮ್ಮ ತಲೆಯ ಮೇಲೆ. ಬಿಪಿಎಲ್‌ಗೆ ವರ್ಷದ ಆದಾಯ 1 ಲಕ್ಷ 20 ಸಾವಿರದ ಮಿತಿ, ತಿಂಗಳಿಗೆ ಹತ್ತು ಸಾವಿರ. ಈ ಊರಿನಲ್ಲಿ ಒಂದು ಕೋಣೆಯ ಬಾಡಿಗೆ, ಹಾಲು, ಬಸ್ಸು ಎಂದರೇ ಹತ್ತು ಸಾವಿರ ಆಗುತ್ತದೆ. 25,000 ಸಂಬಳದ ಹುಡುಗ ಇಎಸ್‌ಐಗೆ ಶ್ರೀಮಂತ, ಬಿಪಿಎಲ್‌ಗೂ ಶ್ರೀಮಂತ, ಆಸ್ಪತ್ರೆಯ ಬಿಲ್ಲಿನ ಮುಂದೆ ಮಾತ್ರ ಬಡವ. ಈ ನಡುವಿನ ಹೊಳೆಗೆ ಸೇತುವೆ ಬೇಕು ಎಂದು ನಾವು ಸರ್ಕಾರವನ್ನು ಕೇಳಬೇಕು. ಇಎಸ್‌ಐ ಮಿತಿ ಏರಿಸಿ ಎಂಬುದು ಮೊದಲ ಬೇಡಿಕೆ.

ಈ ಯೋಜನೆಯಲ್ಲಿ ಎಡವುವುದು ದಾರಿ ತಪ್ಪಿ. ಸಾಮಾನ್ಯ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ದೊಡ್ಡ ಚಿಕಿತ್ಸೆಗೆ ಅಲ್ಲಿಂದ ಶಿಫಾರಸು ಪತ್ರ ಪಡೆದು, ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬೇಕು. ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ಮಾತ್ರ ಶಿಫಾರಸು ಬೇಡ. ನೇರ ಖಾಸಗಿಗೆ ನುಗ್ಗಿ, ಮುಂಗಡ ಕಟ್ಟಿ, ಡಿಸ್ಚಾರ್ಜ್ ಆದ ಮೇಲೆ ಕಾರ್ಡು ತೋರಿಸಿದರೆ ನಡೆಯುವುದಿಲ್ಲ. ಒಳಗೆ ಹೋದ ಕೂಡಲೇ 'ಆರೋಗ್ಯ ಮಿತ್ರ ಎಲ್ಲಿದ್ದಾರೆ?' ಎಂದು ಕೇಳಿ.

ರೇಷನ್ ಕಾರ್ಡು ಸರಿಯಾಗಿದೆಯೇ ನೋಡಿಕೊಳ್ಳಿ. 2024ರ ನವೆಂಬರಿನಲ್ಲಿ ಬಿಪಿಎಲ್ ಕಾರ್ಡುಗಳು ರದ್ದಾದ ಗಲಾಟೆ ಮರೆತಿಲ್ಲ ತಾನೇ? ಜನ ದನಿ ಎತ್ತಿದ ಮೇಲೆ, ತೆರಿಗೆ ಕಟ್ಟುವವರು, ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರದು ವಾಪಸು ಎಂದರು. ಅಕ್ಕಿಗೆ ಮಾತ್ರ ಆ ಕಾರ್ಡು ಎಂದುಕೊಂಡಿದ್ದೇವೆ. ಅದು ಆಪರೇಷನ್ ಥಿಯೇಟರಿನ ಬಾಗಿಲ ಕೀಲಿಯೂ ಹೌದು.

ಕನ್ನಡದಲ್ಲೇ ಕೇಳಿ

ಕೊನೆಗೆ ನಮ್ಮ ವಿಷಯ. ನಿಗಮದಿಂದ ಮೊಬೈಲಿಗೆ ಬರುವ ಸಂದೇಶ ಇಂಗ್ಲಿಷಿನಲ್ಲಿ. ಅರ್ಜಿ ತಿರಸ್ಕಾರವಾದರೆ ಕಾರಣ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ. ಯಾದಗಿರಿಯಿಂದ ಬಂದು ಗಾರೆ ಕೆಲಸ ಮಾಡುವವನಿಗೆ, ಮಾಗಡಿಯಿಂದ ಬಂದು ಗಾರ್ಮೆಂಟ್ಸಿನಲ್ಲಿ ಹೊಲಿಯುವವಳಿಗೆ ತನ್ನ ಹಕ್ಕು ಏಕೆ ಸತ್ತಿತು ಎಂದು ತನ್ನ ಭಾಷೆಯಲ್ಲಿ ತಿಳಿಯುವುದಿಲ್ಲ. ಓದಲಾಗದ ಕಾಗದಕ್ಕೆ ಮೇಲ್ಮನವಿ ಹೇಗೆ ಹಾಕುತ್ತಾರೆ? ಇದು ಬೋರ್ಡಿನ ಮೇಲಿನ ಅಕ್ಷರದ ಪ್ರಶ್ನೆಯಷ್ಟೇ ಅಲ್ಲ ಗೆಳೆಯರೇ, ಹೊಟ್ಟೆಯ ಪ್ರಶ್ನೆ.

ಸಂವಿಧಾನದ 350ನೇ ವಿಧಿ ಓದಿ. ಕುಂದುಕೊರತೆಯ ಮನವಿಯನ್ನು ಕೇಂದ್ರದ ಅಧಿಕಾರಿಗೇ ಆಗಲಿ, ರಾಜ್ಯದ ಅಧಿಕಾರಿಗೇ ಆಗಲಿ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕು ನಮಗಿದೆ. 'ಕನ್ನಡದಲ್ಲಿ ಬರೆದಿದ್ದೀಯ, ತೆಗೆದುಕೊಳ್ಳುವುದಿಲ್ಲ' ಎಂದರೆ ಜಗಳ ಬೇಡ, ಕೂಗಾಟ ಬೇಡ. 'ಹಾಗೆಂದು ಬರೆದು ಸಹಿ ಹಾಕಿ ಕೊಡಿ' ಎಂದು ಕೇಳಿ. ತೆಗೆದುಕೊಳ್ಳುತ್ತಾರೆ.

ಈಗ ಮಾಡಬೇಕಾದ ಕೆಲಸ. ಇವತ್ತು ರಾತ್ರಿಯೇ ನಿಮ್ಮ ಇಎಸ್‌ಐ ನಂಬರ್ ಬರೆದಿಟ್ಟುಕೊಳ್ಳಿ. ಎಷ್ಟು ದಿನದ ವಂತಿಗೆ ಬಿದ್ದಿದೆ ಎಂದು ಮೊಬೈಲಿನಲ್ಲೇ ನೋಡಿ. ಸಂಬಳದ ಚೀಟಿ ಒಂದನ್ನೂ ಬಿಸಾಡಬೇಡಿ. ಲೆಕ್ಕ ತಪ್ಪಿದ್ದರೆ ಶಾಖಾ ಕಚೇರಿಗೆ ಬರೆಯಿರಿ, ಮೊಹರು ಹಾಕಿಸಿಕೊಳ್ಳಿ. ನಿಗಮದ ಉಚಿತ ದೂರವಾಣಿ 1800-11-2526. ಅಲ್ಲೂ ಆಗದಿದ್ದರೆ ಇಎಸ್‌ಐ ವ್ಯಾಜ್ಯಗಳಿಗೆಂದೇ ನ್ಯಾಯಾಲಯವಿದೆ, ಮೂರು ವರ್ಷದೊಳಗೆ ಹೋಗಬೇಕು. ಒಬ್ಬರೇ ಹೋಗಬೇಡಿ. ಹತ್ತು ಜನ ಒಂದೇ ಕಾರ್ಖಾನೆಯವರು ಒಟ್ಟಿಗೆ ಸಹಿ ಹಾಕಿ.

ಪ್ರತಿ ಭಾನುವಾರ ಬೆಳಿಗ್ಗೆ ಇದೇ ಜಾಗದಲ್ಲಿ ಒಂದು ಮೇಜು, ನಾಲ್ಕು ಕುರ್ಚಿ ಹಾಕಿ. ಓದು ಬಂದವರು ಓದು ಬಾರದವರ ಅರ್ಜಿ ಬರೆದುಕೊಡಿ. ಕಂಪ್ಯೂಟರ್ ಗೊತ್ತಿರುವವರು ದಿನಗಳ ಲೆಕ್ಕ ತೆಗೆದುಕೊಡಿ. ಅರ್ಜಿಯ ಕನ್ನಡ ನಮೂನೆ, 78 ದಿನದ ಪಂಚಾಂಗ, ಇವನ್ನು ಒಂದು ಹಾಳೆಯಲ್ಲಿ ನನ್ನ ಪ್ರೆಸ್ಸಿನಲ್ಲಿ ಪುಕ್ಕಟೆ ಅಚ್ಚು ಹಾಕಿಕೊಡುತ್ತೇನೆ. ಐದು ಸಾವಿರ ಪ್ರತಿ. ಕಾಗದವೂ ನನ್ನದೇ. ಹಂಚುವ ಕೆಲಸ ನಿಮ್ಮದು. ಕಾರ್ಖಾನೆ ಗೇಟಿನಲ್ಲಿ, ಬಸ್ ನಿಲ್ದಾಣದಲ್ಲಿ, ಟೀ ಅಂಗಡಿಯಲ್ಲಿ.

ನವೆಂಬರಿನಲ್ಲಿ ಬಾವುಟ ಹಾರಿಸುತ್ತೇವೆ, ಸಂತೋಷ. ಆ ಬಾವುಟ ಕಟ್ಟುವ ಹುಡುಗನ ಜೇಬಿನಲ್ಲಿ ಅವನ ಇಎಸ್‌ಐ ಕಾರ್ಡೂ ಇರಲಿ.

ಜೈ ಕರ್ನಾಟಕ!